ಗೋಡೆಗಿರುವ ರಕ್ಷಣೆ ಕಿವಿಗೇಕಿಲ್ಲ?

ಚುನಾವಣೆ ಘೋಷಣೆಯಾದೊಡನೆ ನಮ್ಮ ಮೊಬೈಲ್‌ಗಳಿಗೆ ಬಿಡುವಿರುವುದಿಲ್ಲ. ಅಡುಗೆಮನೆಯಲ್ಲಿರಲಿ, ಆಸ್ಪತ್ರೆಯ ಸರದಿಯಲ್ಲಿರಲಿ, ಗುರುತಿಲ್ಲದ ಸಂಖ್ಯೆಯಿಂದ ಕರೆ ಬರುತ್ತದೆ. ಮುದ್ರಿತ ಧ್ವನಿಯೊಂದು ಮತ ಯಾಚಿಸಿ, ಉತ್ತರಕ್ಕೆ ಕಾಯದೆ ಸುಮ್ಮನಾಗುತ್ತದೆ. ಇದು ಸಣ್ಣ ಕಿರಿಕಿರಿ ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ.

ಈ ಪರಿಪಾಠ ಹೊಸದಲ್ಲ. 2004ರ ಲೋಕಸಭಾ ಚುನಾವಣೆಯಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಮುದ್ರಿತ ಧ್ವನಿ ದೂರವಾಣಿಯ ಮೂಲಕ ಮನೆಗಳನ್ನು ತಲುಪಿತ್ತು. ಅದಕ್ಕೂ ಮುನ್ನ 'ಇಂಡಿಯಾ ಶೈನಿಂಗ್' ಜಾಹೀರಾತುಗಳ ಅಬ್ಬರ ನಡೆದಿತ್ತು. ಆದರೂ ಆಳುವ ಮೈತ್ರಿಕೂಟ ಸೋತಿತು. ಆ ಸೋಲಿನಿಂದ ಯಾವ ಪಕ್ಷವೂ ಪಾಠ ಕಲಿತಂತಿಲ್ಲ. ಇಂದು ಈ ವಿಷಯದಲ್ಲಿ ಪಕ್ಷಭೇದವೇ ಇಲ್ಲ.

ಒಂದು ಕಾಲಕ್ಕೆ ಚುನಾವಣೆ ಬಂತೆಂದರೆ ಊರಿನ ಗೋಡೆಗಳೆಲ್ಲ ಬಣ್ಣದ ಬರಹಗಳಿಂದ ತುಂಬಿಹೋಗುತ್ತಿದ್ದವು. ಮಾಲೀಕರ ಅನುಮತಿಯಿಲ್ಲದೆ ಗೋಡೆಯನ್ನು ಬಳಸಬಾರದೆನ್ನುತ್ತದೆ ಮಾದರಿ ನೀತಿಸಂಹಿತೆ. 1990ರ ದಶಕದಲ್ಲಿ ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ ಅದನ್ನು ಬಿಗಿಯಾಗಿ ಜಾರಿಗೊಳಿಸಿದರು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಗಳ ಬಾಯಿ ಕಟ್ಟಿದವು.

ಮೊಬೈಲ್‌ಗೆ ಅಂಥ ಕಾವಲಿಲ್ಲ. 1909ಕ್ಕೆ ಕರೆ ಮಾಡಿ ನೋಂದಾಯಿಸಿದರೆ ಜಾಹೀರಾತು ಕರೆಗಳನ್ನು ತಡೆಯಬಹುದು. ಆದರೆ ಆ ನಿಯಮಗಳು ರೂಪುಗೊಂಡಿರುವುದು ಸರಕು, ಸೇವೆಗಳ ಮಾರಾಟವನ್ನು ಗಮನದಲ್ಲಿಟ್ಟುಕೊಂಡು. ಮತಯಾಚನೆ ವ್ಯಾಪಾರವಲ್ಲವೆಂಬ ವಾದದ ಮರೆಯಲ್ಲಿ ಪಕ್ಷಗಳು ಜಾರಿಕೊಳ್ಳುತ್ತವೆ. ಪ್ರಚಾರದ ಧ್ವನಿಸಂದೇಶಗಳಿಗೆ ಪೂರ್ವಾನುಮೋದನೆ ಬೇಕೆಂದು ಚುನಾವಣಾ ಆಯೋಗ ವಿಧಿಸಿದೆ, ನಿಜ. ಆಗಲೂ ಪರಿಶೀಲನೆಗೆ ಒಳಪಡುವುದು ಸಂದೇಶದಲ್ಲಿರುವ ಮಾತು ಮಾತ್ರ. ಅದನ್ನು ಕೇಳಬೇಕಾದವನ ಒಪ್ಪಿಗೆಯನ್ನು ಯಾರೂ ವಿಚಾರಿಸುವುದಿಲ್ಲ.

ಇನ್ನೂ ಗಂಭೀರವಾದ ಪ್ರಶ್ನೆಯೊಂದಿದೆ: ನನ್ನ ಸಂಖ್ಯೆ ಇವರಿಗೆ ಎಲ್ಲಿಂದ ಸಿಕ್ಕಿತು? 2022ರ ನವೆಂಬರ್‌ನಲ್ಲಿ, ಮತದಾರರ ಜಾಗೃತಿಯ ಹೆಸರಿನಲ್ಲಿ ಬೆಂಗಳೂರಿನ ಮನೆಮನೆಗಳಿಂದ ಖಾಸಗಿ ಮಾಹಿತಿ ಸಂಗ್ರಹಿಸಲಾಗಿದೆ ಎಂಬ ಆರೋಪ ಹೊರಬಿದ್ದು, ಆಯೋಗವೇ ಮಧ್ಯಪ್ರವೇಶಿಸಬೇಕಾಯಿತು. ಮತ ಗುಪ್ತವಾಗಿರಬೇಕೆಂದು ಪರದೆ ಕಟ್ಟುವ ನಾವು, ಮತದಾರನ ಹೆಸರು, ವಿಳಾಸ, ದೂರವಾಣಿಗಳು ಕೈಯಿಂದ ಕೈಗೆ ಸಾಗುವುದನ್ನು ನೋಡಿ ಸುಮ್ಮನಿರುವುದು ಹೇಗೆ?

ಮತದಾರನನ್ನು ತಲುಪುವ ಹಕ್ಕು ಅಭ್ಯರ್ಥಿಗೆ ಖಂಡಿತ ಇದೆ. ಹಣಬಲವಿಲ್ಲದವರಿಗೆ ದೂರವಾಣಿ ಅಗ್ಗದ ದಾರಿಯೂ ಹೌದು. ಆದರೆ ಕೈಮುಗಿದು ಬಾಗಿಲಿಗೆ ಬಂದವರನ್ನು ನಲ್ಲಿಯಲ್ಲಿ ನೀರೇಕಿಲ್ಲವೆಂದು ಕೇಳಬಹುದು. ಮುದ್ರಿತ ಧ್ವನಿಯನ್ನು ಕೇಳಲಾಗದು. ಪ್ರಶ್ನೆಗೆ ಅವಕಾಶವಿಲ್ಲದ ಪ್ರಚಾರ ಸಂವಾದವಾಗುವುದಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಕರೆಯ ವೆಚ್ಚ ಭರಿಸಿದವರು ಯಾರೆಂಬುದು ಆರಂಭದಲ್ಲೇ ಕೇಳಿಸಲಿ. ಒಂದು ಗುಂಡಿ ಒತ್ತಿದರೆ ಆ ಪಕ್ಷದ ಕರೆ ಮತ್ತೆ ಬಾರದಿರಲಿ. ಸಂಖ್ಯೆ ಎಲ್ಲಿ ದೊರೆಯಿತೆಂಬ ಪ್ರಶ್ನೆಗೆ ಉತ್ತರಿಸುವುದು ಕಡ್ಡಾಯವಾಗಲಿ. ಗೋಡೆಯ ಒಡೆಯನ ಒಪ್ಪಿಗೆ ಕೇಳಬೇಕಾದವರು, ಮತದ ಒಡೆಯನ ಒಪ್ಪಿಗೆಯನ್ನೂ ಕೇಳಬೇಡವೇ?