ಸ್ಮಶಾನದ ಮೇಲೊಂದು ಉದ್ಯಾನ

ಪೋಲೆಂಡಿನ ಬಿಯಾಲಿಸ್ಟೋಕ್ ಪಟ್ಟಣದ ನಡುವೆ ಒಂದು ಉದ್ಯಾನವಿದೆ. ಅದರ ಮಣ್ಣಿನಡಿ ಯಹೂದಿಗಳ ಹಳೆಯ ಸ್ಮಶಾನವಿದೆ. ಅದನ್ನು ಮುಚ್ಚಿ ಉದ್ಯಾನ ಮಾಡಿದವರು ಹಿಟ್ಲರನ ಕಡೆಯವರಲ್ಲ. ಮಹಾಯುದ್ಧ ಮುಗಿದ ಮೇಲೆ ಕಾರ್ಮಿಕರ ಹೆಸರಿನಲ್ಲಿ ಆಳಿದ ಸರ್ಕಾರ. ಈ ಮಾತು ನಮ್ಮವರಲ್ಲೇ ಕೆಲವರಿಗೆ ಹಿಡಿಸದು. ಹಿಡಿಸದಿದ್ದರೂ ಹೇಳುತ್ತೇವೆ.

ಯಹೂದಿ ಎಂದರೆ ಬಡ್ಡಿ ಸಾಹುಕಾರನೆಂಬ ಸುಳ್ಳು ಲೋಕವನ್ನೆಲ್ಲ ಸುತ್ತಿದೆ. ಬಿಯಾಲಿಸ್ಟೋಕಿನ ಯಹೂದಿ ಯಾರು? ನೇಕಾರ! 1831ರಲ್ಲಿ ಪೋಲರ ದಂಗೆಯನ್ನು ತುಳಿದ ಜಾರ್ ಚಕ್ರವರ್ತಿ, ಪೋಲೆಂಡಿಗೂ ರಷ್ಯಕ್ಕೂ ನಡುವೆ ಸುಂಕದ ಗಡಿ ಬಿಗಿದ. ಗಡಿಯಿಂದಾಚೆ, ರಷ್ಯದ ಕಡೆಗಿದ್ದ ಊರಿದು. ಇಲ್ಲಿ ನೇಯ್ದ ಬಟ್ಟೆಗೆ ರಷ್ಯದ ಪೇಟೆಯಲ್ಲಿ ಆ ಸುಂಕವಿಲ್ಲ. ಗಿರಣಿಗಳು ಓಡಿ ಬಂದವು. 1897ರ ಹೊತ್ತಿಗೆ ಊರಿನ 100 ಜನರಲ್ಲಿ 60ಕ್ಕೂ ಹೆಚ್ಚು ಮಂದಿ ಯಹೂದಿಗಳು.

ಮಾಲೀಕರಲ್ಲೂ ಯಹೂದಿಗಳು ಬಹಳ. ಜಾತಿಬಾಂಧವನೆಂದು ಕೂಲಿಯವನನ್ನು ಅಪ್ಪಿಕೊಂಡರೇ? ಉಗಿಯಂತ್ರದ ಮಗ್ಗ ಬಂದಾಗ ಅದರ ಮುಂದೆ ನಿಲ್ಲಿಸಿದ್ದು ಕ್ರೈಸ್ತರನ್ನು. ಯಹೂದಿ ಕೂಲಿ ಶನಿವಾರ ಕೆಲಸ ಮುಟ್ಟುವುದಿಲ್ಲ, ಮಾತೆತ್ತಿದರೆ ಮುಷ್ಕರ ಹೂಡುತ್ತಾನೆ! ಅವನ ಪಾಲಿಗೆ ಉಳಿದದ್ದು ಗುತ್ತಿಗೆದಾರನ ಕೊಟ್ಟಿಗೆಯಲ್ಲಿನ ಕೈಮಗ್ಗ. ಮಾಲೀಕನಿಂದ ನೂಲು ತರುವವನು ಗುತ್ತಿಗೆದಾರ. ತನ್ನ ಪಾಲು ಮುರಿದುಕೊಂಡು ಮಿಕ್ಕದ್ದನ್ನು ಕೂಲಿಗೆ ಕೊಡುವವನೂ ಅವನೇ. ಗಿರಣಿ ಬಾಗಿಲಲ್ಲಿ ನಿಂತು ಗೊತ್ತಿರುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥವರು ಕಟ್ಟಿದ ಸಂಘ ಬುಂಡ್. 1897ರಲ್ಲಿ ವಿಲ್ನಾದಲ್ಲಿ ಹುಟ್ಟಿ, 1901ರಲ್ಲಿ ಇದೇ ಊರಿನಲ್ಲಿ ಅಧಿವೇಶನ ನಡೆಸಿತು. 1906ರ ಜೂನಿನಲ್ಲಿ ಊರಿನ ಯಹೂದಿಗಳ ಕಗ್ಗೊಲೆಯಾಯಿತು. ಸತ್ತವರು 80ಕ್ಕೂ ಹೆಚ್ಚು. ಪೊಲೀಸರೂ ಸೈನಿಕರೂ ಅದರಲ್ಲಿ ಕೈ ಸೇರಿಸಿದ್ದರು.

1941ರ ಜೂನ್ 27ರಂದು ಜರ್ಮನರು ನೂರಾರು ಜನರನ್ನು ದೊಡ್ಡ ಪ್ರಾರ್ಥನಾಮಂದಿರಕ್ಕೆ ತುಂಬಿ ಬೆಂಕಿಯಿಟ್ಟರು. ಉಳಿದವರನ್ನು ಬೇಲಿ ಹಾಕಿದ ಕೇರಿಗೆ ದೂಡಿದರು. ದುಡಿದರೆ ಜೀವ ಉಳಿದೀತೆಂದು ಅಲ್ಲಿನ ಯಹೂದಿ ಮಂಡಳಿಯ ಮುಖ್ಯಸ್ಥ ಬರಾಶ್ ನಂಬಿದ್ದ. ಜರ್ಮನ್ ಸೈನ್ಯಕ್ಕಾಗಿ ಹಗಲಿರುಳು ದುಡಿದರು. ಜೀವ ಉಳಿಯಲಿಲ್ಲ. 1943ರ ಆಗಸ್ಟ್ 16ರಂದು, ಕೈಗೆ ಸಿಕ್ಕ ಕೆಲವೇ ಆಯುಧಗಳೊಡನೆ ಯುವಕ ಯುವತಿಯರು ತಿರುಗಿಬಿದ್ದರು.

ಪೋಲರೂ ಲಕ್ಷಗಟ್ಟಲೆ ಸತ್ತರಲ್ಲ, ಯಹೂದಿಗಳನ್ನೇ ಬೇರೆ ಎತ್ತಿ ಹೇಳುವುದೇಕೆ ಎಂದು ಕೇಳುವವರಿದ್ದಾರೆ. ಸತ್ತರು, ನಿಜ. ಆದರೆ ಪೋಲರ ಸಮಾಧಿಯ ಬಳಿ ಅಳುವುದಕ್ಕೆ ಪೋಲರ ಊರು ಉಳಿದಿತ್ತು. ಇಲ್ಲಿ ಅಳುವವರನ್ನೂ ಉಳಿಸಲಿಲ್ಲ.

ಗಿರಣಿ ಮಾಲೀಕ ನೋವಿಕನ ಅರಮನೆ ಇಂದಿಗೂ ನಿಂತಿದೆ. ಸುಟ್ಟ ಮಂದಿರದ ಜಾಗದಲ್ಲಿ 1995ರಲ್ಲಿ ಸ್ಮಾರಕ ಎದ್ದಿತು. ಒಳ್ಳೆಯದೇ. ಆದರೆ ಅದಕ್ಕೂ ಮುಂಚೆ, 1968ರಲ್ಲಿ, ಕಾರ್ಮಿಕರ ಪಕ್ಷವೆಂದು ಹೇಳಿಕೊಂಡವರೇ ಹತ್ಯಾಕಾಂಡದಿಂದ ಬದುಕಿ ಉಳಿದವರನ್ನು 'ಜಿಯೋನಿಸ್ಟರು' ಎಂದು ಜರೆದು ಕೆಲಸದಿಂದ ಕಿತ್ತರು. ಮುಂದಿನ ಮೂರು ವರ್ಷಗಳಲ್ಲಿ ಸುಮಾರು 13,000 ಜನ ದೇಶ ಬಿಟ್ಟರು. ಹೊರಡುವಾಗ ಅವರ ಕೈಗೆ ಕೊಟ್ಟ ಪ್ರಯಾಣದ ಕಾಗದದಲ್ಲಿ, ಇದನ್ನು ಹಿಡಿದವನು ಪೋಲೆಂಡಿನ ಪ್ರಜೆಯಲ್ಲ ಎಂದು ನಮೂದಿಸಿತ್ತು.