ಊರಿನ ಹೆಸರು ನೋಡಿ ಕೆಲಸಕ್ಕೆ ಸೇರಬೇಕೆ?

ಕಳೆದ ತಿಂಗಳ ಸಂಚಿಕೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ತರುಣ ತರುಣಿಯರಿಗೆ ಬುದ್ಧಿವಾದ ಹೇಳುತ್ತ, ಚೀನಾಕ್ಕೆ ಇಂಗ್ಲಿಷ್ ಪಾಠ ಹೇಳಲು ಹೋಗುವುದಾದರೆ ಷಾಂಘೈಗೆ ಹೋಗಿ, ಇಲ್ಲವೇ ಬೀಜಿಂಗಿಗೆ ಹೋಗಿ, ಹೆಸರೇ ಕೇಳದ ಊರಿಗೆ ಹೋಗುವುದಕ್ಕಿಂತ ವಿಶಾಖಪಟ್ಟಣದಲ್ಲೇ ಇರುವುದು ಮೇಲು ಎಂದು ಬರೆದಿದ್ದಾರೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನನ್ನ ಮೇಲೆ ವಿಶ್ವಾಸವಿಟ್ಟವರು. ಆದರೂ ಈ ಮಾತಿಗೆ ಉತ್ತರ ಕೊಡದೆ ಇರಲಾರೆ. ಅವರು ಹೆಸರು ಹೇಳದೆ ಬರೆದದ್ದು ನಮ್ಮ ಮನೆಯ ಹುಡುಗಿಯ ವಿಚಾರವನ್ನೇ. ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಎದ್ದ ಚರ್ಚೆ ಅದು. ಹೋಳಿಗೆ ಮುಗಿಯಿತು, ಚರ್ಚೆ ಮುಗಿಯಲಿಲ್ಲ.

ಹುಡುಗಿ ನನ್ನ ತಂಗಿಯ ಮಗಳು. ಅವಳ ಅಜ್ಜ ಕುಂದಾಪುರದ ಕಡೆಯಿಂದ ವಿಜಯವಾಡಕ್ಕೆ ಉಡುಪಿ ಹೋಟೆಲಿನ ಕೆಲಸಕ್ಕೆ ಬಂದವರು. ಅವಳು ಆಂಧ್ರ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಇಲ್ಲಿ ನಮ್ಮ ಮನೆಯಲ್ಲಿದ್ದಳು. ಬಿ.ಎಡ್. ಕೂಡ ಆಯಿತು. ಆಮೇಲೆ ಐದು ವರ್ಷ ವಿಜಯವಾಡದ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ದುಡಿದಳು. ಬೆಳಿಗ್ಗೆ ಏಳಕ್ಕೆ ಒಳಗೆ ಹೋದರೆ ರಾತ್ರಿ ಹಾಸ್ಟೆಲ್ ಹುಡುಗರ ಓದಿನ ಗಂಟೆ ಮುಗಿಸಿಯೇ ಹೊರಗೆ ಬರಬೇಕು. ಗಣಿತ, ಭೌತಶಾಸ್ತ್ರಗಳ ಆ ದೊಡ್ಡ ಊಟದಲ್ಲಿ ಇಂಗ್ಲಿಷ್ ಎಂದರೆ ಎಲೆಯ ತುದಿಯ ಉಪ್ಪಿನಕಾಯಿ. ಸೇರುವಾಗ ಮೂಲ ಸರ್ಟಿಫಿಕೇಟುಗಳನ್ನೆಲ್ಲ ತೆಗೆದಿಟ್ಟುಕೊಂಡಿದ್ದರು. ಅವನ್ನು ಹಿಂದಕ್ಕೆ ಪಡೆಯಲು ಮೂರು ತಿಂಗಳು ಹಿಡಿಯಿತು; ನಾನೇ ಎರಡು ಸಲ ರಜೆ ಹಾಕಿ ವಿಜಯವಾಡಕ್ಕೆ ಹೋಗಿ ಅವರ ಕಚೇರಿಯ ಬೆಂಚಿನ ಮೇಲೆ ಕುಳಿತೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ, ಮುಂದೆ ಬರುತ್ತದೆ.

ಈಗ ಅವಳ ಕೈಯಲ್ಲಿ ಎರಡು ಕಾಗದಗಳಿವೆ. ಒಂದು ಷಾಂಘೈಯದು, ಏಜೆಂಟರ ಮೂಲಕ ಬಂದದ್ದು. ಸಂಬಳ ದೊಡ್ಡದು, ಮನೆ ನೀವೇ ನೋಡಿಕೊಳ್ಳಿ. ಮೊದಲು ಒಂದು ಭಾಷಾ ಕೇಂದ್ರದಲ್ಲಿ ಪಾಠ, ಮುಂದೆ ವಿಶ್ವವಿದ್ಯಾಲಯ. ಸದ್ಯಕ್ಕೆ ವ್ಯಾಪಾರದ ವೀಸಾದಲ್ಲಿ ಬನ್ನಿ, ಆಮೇಲೆ ಬದಲಾಯಿಸೋಣ ಎಂಬ ಒಕ್ಕಣೆ. ಇನ್ನೊಂದು ನೈಋತ್ಯ ಮೂಲೆಯ ಯುನ್ನಾನ್ ಪ್ರಾಂತ್ಯದ ಸಣ್ಣ ಊರೊಂದರ ವಿಶ್ವವಿದ್ಯಾಲಯದಿಂದ ನೇರವಾಗಿ ಬಂದದ್ದು. ಅಲ್ಲಿ ಓದುವವರು ನಾಳೆ ಶಾಲಾ ಮಾಸ್ತರರಾಗುವ ಮಕ್ಕಳು. ವಾರಕ್ಕೆ ಹದಿನಾರು ಪೀರಿಯಡ್ಡು, ಆವರಣದಲ್ಲೇ ವಾಸಕ್ಕೆ ಮನೆ, ಕೆಲಸದ ವೀಸಾಕ್ಕೆ ಬೇಕಾದ ಪತ್ರ ತಾವೇ ತರಿಸಿಕೊಡುತ್ತೇವೆ ಎಂಬ ಮಾತು. ಸಂಬಳ ಮೊದಲನೆಯದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಪಂಕ್ತಿಯಲ್ಲಿ ಕುಳಿತಿದ್ದವರೆಲ್ಲ ಷಾಂಘೈ ಎಂದರು. ಏಕೆ ಎಂದು ಕೇಳಿದೆ. ಒಬ್ಬರು ಅಲ್ಲಿಯ ಎತ್ತರದ ಕಟ್ಟಡಗಳ ಮಾತೆತ್ತಿದರು. ಇನ್ನೊಬ್ಬರು ಸಣ್ಣ ಊರಿನಲ್ಲಿ ಹಾವು ತಿನ್ನುತ್ತಾರಂತೆ ಎಂದರು. (ಯುನ್ನಾನಿನಲ್ಲಿ ಅಕ್ಕಿ ಬೆಳೆಯುತ್ತದೆ, ಅಣಬೆ ಹೇರಳ, ನಮ್ಮ ಪನೀರಿನಂಥದ್ದನ್ನು ಆಡಿನ ಹಾಲಿನಿಂದ ಮಾಡುತ್ತಾರೆ. ಕುಕ್ಕರನ್ನು ನಾವು ಕಳಿಸಬಲ್ಲೆವು.) ನಿಜ ಹೇಳಿದವರು ಒಬ್ಬರೇ, ನಮ್ಮ ಸಂಘದ ಒಬ್ಬ ತಾಯಿ: "ಷಾಂಘೈ ಅಂದರೆ ಬೆಂಗಳೂರಲ್ಲಿರೋ ಬೀಗರಿಗೂ ಗೊತ್ತಾಗುತ್ತೆ ನೋಡಿ." ಇದೇ ಇಡೀ ವಾದದ ತಿರುಳು. ಊರನ್ನು ನಾವು ಅಲ್ಲಿ ಬಾಳಬೇಕಾದ ಹುಡುಗಿಗಾಗಿ ಆರಿಸುತ್ತಿಲ್ಲ, ಇಲ್ಲಿ ಹೇಳಿಕೊಳ್ಳಬೇಕಾದ ನಮಗಾಗಿ ಆರಿಸುತ್ತಿದ್ದೇವೆ.

ಊರಿನ ದರ್ಜೆ ಎಂದರೇನೆಂದು ಕೇಂದ್ರ ಸರ್ಕಾರದ ಗುಮಾಸ್ತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆ ಬಾಡಿಗೆ ಭತ್ಯೆಗಾಗಿ ಸರ್ಕಾರ ಊರುಗಳನ್ನು ಎಕ್ಸ್, ವೈ, ಝಡ್ ಎಂದು ವಿಂಗಡಿಸಿದೆ. ಬೆಂಗಳೂರು ಎಕ್ಸ್, ವಿಜಯವಾಡ, ವಿಶಾಖಪಟ್ಟಣ ಎರಡೂ ವೈ. 2024ರ ಜನವರಿಯಿಂದ ಎಕ್ಸ್ ಊರಿನವರಿಗೆ ಮೂಲ ವೇತನದ ಶೇಕಡಾ 30, ನಮಗೆ 20. ಆ ಹೆಚ್ಚಿನ ಹತ್ತನ್ನು ನಂಬಿ ಬೆಂಗಳೂರಿಗೆ ವರ್ಗ ಕೇಳಿ ಹೋದ ನನ್ನ ಸಹೋದ್ಯೋಗಿ ಮನೆ ಯಜಮಾನನಿಗೆ ಮುಂಗಡ ಕೊಡಲು ಭವಿಷ್ಯನಿಧಿಯಿಂದ ಹಣ ತೆಗೆದ. ನಾನು ಆರು ವರ್ಷ ವಿಜಯವಾಡದಲ್ಲಿದ್ದು ಇಲ್ಲಿಗೆ ಬಂದವನು. ಸರ್ಕಾರದ ಕಾಗದದಲ್ಲಿ ಎರಡೂ ಒಂದೇ. ಮೇ ತಿಂಗಳಲ್ಲಿ ಅಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಬಸ್ಸಿಗೆ ಕಾದವನಿಗೆ ಗೊತ್ತು ಒಂದೇ ಹೌದೋ ಅಲ್ಲವೋ. ದೊಡ್ಡ ಸಂಬಳದಲ್ಲಿ ಷಾಂಘೈಯ ಬಾಡಿಗೆ ಕಳೆದು, ಸಣ್ಣ ಸಂಬಳಕ್ಕೆ ಉಚಿತ ಮನೆ ಕೂಡಿಸಿ ಲೆಕ್ಕ ಹಾಕಿದೆವು. ಎರಡು ಕಾಗದಗಳ ನಡುವಿನ ಅಂತರ ಮುಕ್ಕಾಲು ಪಾಲು ಕರಗಿಹೋಯಿತು.

ಹೆಸರಿಲ್ಲದ ಊರು ಎಂದು ಮೂಗು ಮುರಿಯುವವರು ನಮ್ಮ ಬೀಚಿನ ಮೇಲಿರುವ ವಿಶ್ವವಿದ್ಯಾಲಯದ ಚರಿತ್ರೆಯನ್ನಾದರೂ ನೋಡಬಹುದು. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಹುಟ್ಟಿದಾಗ ಅದರ ನೆಲೆ ಬೆಜವಾಡ, ಅಂದರೆ ಇಂದಿನ ವಿಜಯವಾಡ. ರೈಲು ಕೂಡುವ ಊರು, ವ್ಯಾಪಾರದ ಊರು. 1930ರಲ್ಲಿ ಅದನ್ನು ಎತ್ತಿಕೊಂಡು ವಾಲ್ಟೇರಿಗೆ ಬಂದರು. ಮೊದಲ ಕುಲಪತಿ ಸಿ.ಆರ್. ರೆಡ್ಡಿಯವರು ಅದಕ್ಕೆ ಮೊದಲು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದವರು. ಅವರ ನಂತರ 1931ರಲ್ಲಿ ಬಂದ ರಾಧಾಕೃಷ್ಣನ್ ಅವರೂ ಮಹಾರಾಜಾ ಕಾಲೇಜಿನವರೇ. 1921ರಲ್ಲಿ ಮೈಸೂರು ಬಿಟ್ಟಾಗ ವಿದ್ಯಾರ್ಥಿಗಳು ಅವರ ಸಾರೋಟಿನ ಕುದುರೆ ಬಿಚ್ಚಿ ತಾವೇ ಸ್ಟೇಷನ್ನಿಗೆ ಎಳೆದುಕೊಂಡು ಹೋದ ಕಥೆ ನಮ್ಮವರಿಗೆಲ್ಲ ಬಾಯಿಪಾಠ. ಆ ಮನುಷ್ಯ ಕಲ್ಕತ್ತೆಯಂಥ ಕಲ್ಕತ್ತೆಯಿಂದ ವಾಲ್ಟೇರಿಗೆ ಬಂದರು. ಹುಮಾಯೂನ್ ಕಬೀರ್, ಹೀರೇನ್ ಮುಖರ್ಜಿಯಂಥ ತರುಣರೂ ಆ ದಿನಗಳಲ್ಲಿ ಇಲ್ಲಿ ಬಂದು ಪಾಠ ಹೇಳಿದರು. ವಾಲ್ಟೇರ್ ಎಂದರೆ ಬೀಗರಿಗೆ ಗೊತ್ತಾಗುತ್ತದೆಯೆ ಎಂದು ಇವರು ಯಾರೂ ವಿಚಾರಿಸಿದಂತಿಲ್ಲ.

ರಾಧಾಕೃಷ್ಣನ್ ಎಲ್ಲಿ, ನಿನ್ನ ತಂಗಿಯ ಮಗಳು ಎಲ್ಲಿ ಎಂದು ನಗಬಹುದು. ಸರಿ, ಕೆಲಸ ಹುಡುಕಿ ಚೀನಾಕ್ಕೇ ಹೋದ ಇಂಗ್ಲಿಷ್ ಮಾಸ್ತರನೊಬ್ಬನ ಕಥೆ ಹೇಳುತ್ತೇನೆ; ನನಗೆ ಹೇಳಿದವಳು ಅವಳೇ. ವಿಲಿಯಂ ಎಂಪ್ಸನ್ ಎಂಬ ಇಂಗ್ಲೆಂಡಿನ ವಿಮರ್ಶಕ, ಮೂವತ್ತು ದಾಟಿದ್ದನಷ್ಟೆ, 1937ರಲ್ಲಿ ಬೀಜಿಂಗಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಒಪ್ಪಿ ಹೊರಟ. ಅಷ್ಟರಲ್ಲಿ ಜಪಾನಿನ ಸೈನ್ಯ ಬೀಜಿಂಗನ್ನು ಹಿಡಿಯಿತು. ವಿಶ್ವವಿದ್ಯಾಲಯ ಗಂಟುಮೂಟೆ ಕಟ್ಟಿಕೊಂಡು ದಕ್ಷಿಣಕ್ಕೆ ಓಡಿತು, ಮತ್ತೂ ಓಡಿ ಯುನ್ನಾನ್ ಸೇರಿತು. ಎಂಪ್ಸನ್ ಅದರ ಹಿಂದೆಯೇ ಹೋದ. ಪುಸ್ತಕಗಳಿಲ್ಲ, ಕವಿತೆಗಳನ್ನು ನೆನಪಿನಿಂದ ಬರೆದು ಪಾಠ ಹೇಳಿದ. ಬೀಜಿಂಗ್ ಎಂದು ಹೊರಟವನಿಗೆ ಸಿಕ್ಕಿದ್ದು ಮೆಂಗ್‌ತ್ಸು ಎಂಬ ಸಣ್ಣ ಊರು, ಆಮೇಲೆ ಕುನ್‌ಮಿಂಗ್. ಬಿ.ಎಸ್ಸಿ. ಓದಿದವನಾದ್ದರಿಂದ ನಾನು ಇನ್ನೊಂದು ಮಾತು ಸೇರಿಸುತ್ತೇನೆ: 1957ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಯಾಂಗ್ ಮತ್ತು ಲೀ ಇಬ್ಬರೂ ಕುನ್‌ಮಿಂಗಿನ ಆ ವಲಸೆ ವಿಶ್ವವಿದ್ಯಾಲಯದಲ್ಲಿ ಓದಿದವರು.

ಇನ್ನು ಮುಖ್ಯ ವಿಷಯ. ಹಿರಿಯರ ಲೇಖನದಲ್ಲಿ ವೀಸಾ ಎಂಬ ಶಬ್ದ ಒಂದು ಕಡೆಯೂ ಇಲ್ಲ. ಚೀನಾದಲ್ಲಿ ಸಂಬಳಕ್ಕೆ ಕೆಲಸ ಮಾಡಲು ಹೋಗುವವರಿಗೆ ಬೇಕಾದದ್ದು ಝಡ್ ವೀಸಾ. ಅದಕ್ಕೆ ಅರ್ಜಿ ಹಾಕುವ ಮೊದಲೇ ಕೆಲಸ ಕೊಡುವವರು ಅಲ್ಲಿಯ ಸರ್ಕಾರದಿಂದ ಕೆಲಸದ ಅನುಮತಿಯ ಸೂಚನಾಪತ್ರ ತರಿಸಿ ಕಳಿಸಬೇಕು. ವ್ಯಾಪಾರದ ವೀಸಾದಲ್ಲಿ ಹೋಗಿ ಪಾಠ ಹೇಳಿದರೆ, 2013ರ ಜುಲೈಯಿಂದ ಜಾರಿಯಲ್ಲಿರುವ ಕಾನೂನಿನಂತೆ ಐದು ಸಾವಿರದಿಂದ ಇಪ್ಪತ್ತು ಸಾವಿರ ಯುವಾನ್ ದಂಡ. ತಪ್ಪು ದೊಡ್ಡದೆಂದು ಕಂಡರೆ ಐದರಿಂದ ಹದಿನೈದು ದಿನ ಬಂಧನ. ದಂಡ ಕಟ್ಟುವವಳು ಹುಡುಗಿ, ಒಳಗೆ ಕೂರುವವಳು ಹುಡುಗಿ; ಏಜೆಂಟರ ಫೋನು ಆಗ ಎತ್ತುವವರಿಲ್ಲ. ಆಮೇಲೆ ಬದಲಾಯಿಸೋಣ ಎಂಬ ಎರಡು ಶಬ್ದ ಕಾಗದದಲ್ಲಿ ಕಂಡ ಕೂಡಲೇ ಅದನ್ನು ಮಡಿಸಿಡಬೇಕು, ಊರು ಷಾಂಘೈಯಾದರೂ ಸರಿ, ಸ್ವರ್ಗವಾದರೂ ಸರಿ.

ಇದರ ಮೇಲೆ ನಮ್ಮಂಥವರಿಗೆ ಇನ್ನೊಂದು ಗೋಡೆ ಇದೆ. ಭಾಷೆ ಕಲಿಸುವ ವಿದೇಶೀಯರು ತಾತ್ವಿಕವಾಗಿ ತಮ್ಮ ದೇಶದ ಮಾತೃಭಾಷೆಯನ್ನೇ ಕಲಿಸಬೇಕು ಎಂಬುದು ಅಲ್ಲಿಯ ನಿಯಮ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದವರಿಗೆ ಬಾಗಿಲು ತೆರೆದೇ ಇರುತ್ತದೆ. ಭಾರತದ ಪಾಸ್‌ಪೋರ್ಟು ಕಂಡರೆ ಹುಬ್ಬು ಮೇಲೇರುತ್ತದೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡಿಕೊಂಡು, ಇಂಗ್ಲಿಷನ್ನು ಬೆವರು ಸುರಿಸಿ ಕಲಿತ ಹುಡುಗಿಗೆ ಚೀನೀ ಹುಡುಗನ ನಾಲಗೆ ಎಲ್ಲಿ ತೊಡರುತ್ತದೆಂದು ತಿಳಿದಷ್ಟು, ಅದನ್ನು ತಾಯ ಹಾಲಿನೊಂದಿಗೆ ಕುಡಿದವನಿಗೆ ಹೇಗೆ ತಿಳಿಯಬೇಕು? ಆದರೆ ನನ್ನ ಕೋಪದಿಂದ ಅಲ್ಲಿಯ ಫೈಲು ಕದಲುವುದಿಲ್ಲ. 'ತಾತ್ವಿಕವಾಗಿ' ಎಂಬ ಶಬ್ದದ ಬೆಲೆ ಮಾತ್ರ ಗುಮಾಸ್ತನಿಗೆ ಗೊತ್ತು: ಎಲ್ಲಿ ಆ ಶಬ್ದವಿದೆಯೋ ಅಲ್ಲಿ ಮೇಲಧಿಕಾರಿಯ ವಿವೇಚನೆಗೆ ಒಂದು ಕಿಟಕಿ ಇದೆ. ಇಂಗ್ಲಿಷ್ ಎಂ.ಎ., ಬಿ.ಎಡ್., ಐದು ವರ್ಷದ ಅನುಭವ ಇವನ್ನು ಮುಂದಿಟ್ಟು, ಮುದ್ರೆ ಹಾಕಿ, ಆ ಕಿಟಕಿಯ ಮೂಲಕ ಸೂಚನಾಪತ್ರ ತರಿಸಬಲ್ಲವರು ಯಾರು? ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ನಿಜವಾಗಿ ಇಷ್ಟೇ. ತರಿಸುತ್ತೇವೆ ಎಂದು ಬರೆದುಕೊಟ್ಟಿರುವವರು ಯುನ್ನಾನಿನವರು.

ಭಾಷಾ ಕೇಂದ್ರಗಳ ಗತಿಯನ್ನೂ ನೋಡಿ. 2021ರ ಜುಲೈಯಲ್ಲಿ ಚೀನಾ ಸರ್ಕಾರ ಶಾಲಾ ಮಕ್ಕಳ ಪಾಠದ ಟ್ಯೂಷನ್ನಿನಲ್ಲಿ ಲಾಭ ಮಾಡಕೂಡದೆಂದು ಆಜ್ಞೆ ಹೊರಡಿಸಿತು. ಎಷ್ಟೋ ಕೇಂದ್ರಗಳು ಬಾಗಿಲು ಹಾಕಿದವು, ಮಾಸ್ತರರು ಬೀದಿಗೆ ಬಂದರು. ಕೆಲಸದ ಅನುಮತಿ ಕೊಟ್ಟ ಸಂಸ್ಥೆಗೇ ಅಂಟಿಕೊಂಡಿರುತ್ತದೆ. ಬಿಟ್ಟು ಬೇರೆ ಕಡೆ ಸೇರಬೇಕಾದರೆ ಅವರು ಬಿಡುಗಡೆ ಪತ್ರ ಕೊಡಬೇಕು. ಸರ್ಟಿಫಿಕೇಟಿಗಾಗಿ ವಿಜಯವಾಡದಲ್ಲಿ ಬೆಂಚು ಸವೆಸಿದ ನನಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಹೋಗಿ ಕೂರಲು ನನಗೆ ಪ್ರವಾಸ ಭತ್ಯೆ ಯಾರೂ ಕೊಡುವುದಿಲ್ಲ.

ಹಿರಿಯರ ಒಂದು ಮಾತು ಮಾತ್ರ ನಿಜ, ಒಪ್ಪುತ್ತೇನೆ. ನಮ್ಮ ರಾಯಭಾರ ಕಚೇರಿ ಬೀಜಿಂಗಿನಲ್ಲಿದೆ, ದೂತಾವಾಸಗಳು ಷಾಂಘೈ, ಗ್ವಾಂಗ್‌ಝೌಗಳಲ್ಲಿವೆ. ಯುನ್ನಾನಿನಿಂದ ಎಲ್ಲವೂ ದೂರ. ಒಂಟಿ ಹುಡುಗಿ ಕಾಯಿಲೆ ಬಿದ್ದರೆ? 2020ರಲ್ಲಿ ಗಡಿ ಮುಚ್ಚಿದಾಗ ಮನೆಗೆ ಬಂದಿದ್ದ ನಮ್ಮ ಮೆಡಿಕಲ್ ವಿದ್ಯಾರ್ಥಿಗಳಿಗೆ ಮತ್ತೆ ವೀಸಾ ಸಿಗತೊಡಗಿದ್ದು 2022ರ ಆಗಸ್ಟಿನಲ್ಲಿ. ನಿಂತಿದ್ದ ನೇರ ವಿಮಾನಗಳು ಪುನಃ ಹಾರಿದ್ದು 2025ರ ಅಕ್ಟೋಬರಿನಲ್ಲಿ, ಕೋಲ್ಕತ್ತದಿಂದ ಗ್ವಾಂಗ್‌ಝೌಗೆ. ಇದಕ್ಕೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಅದಕ್ಕಾಗಿಯೇ ಯುನ್ನಾನಿಗೆ ನಾಲ್ಕು ಪ್ರಶ್ನೆ ಬರೆಸಿದೆ: ಆಸ್ಪತ್ರೆಯ ವಿಮೆ ಯಾರದು, ರಜೆಯ ತಿಂಗಳಿಗೆ ಸಂಬಳವುಂಟೆ, ಮಧ್ಯದಲ್ಲಿ ಬಿಟ್ಟರೆ ದಂಡವೆಷ್ಟು, ಗಡಿ ಮುಚ್ಚಿದರೆ ಊರಿಗೆ ಕಳಿಸುವ ಖರ್ಚು ಯಾರ ತಲೆಗೆ. ಮೂರಕ್ಕೆ ಉತ್ತರ ಬಂದಿದೆ. ನಾಲ್ಕನೆಯದನ್ನು ಮೇಲಿನವರನ್ನು ಕೇಳಿ ತಿಳಿಸುತ್ತೇವೆ ಎಂದಿದ್ದಾರೆ. ಸರ್ಕಾರಿ ಭಾಷೆ ಎಲ್ಲ ದೇಶದಲ್ಲೂ ಒಂದೇ. ಅದೇ ನಾಲ್ಕನ್ನು ಏಜೆಂಟರಿಗೂ ಕಳಿಸಿದೆವು. ಅವರು ಷಾಂಘೈಯ ರಾತ್ರಿ ದೀಪಗಳ ಒಂದು ಚಿತ್ರ ಕಳಿಸಿದರು.

ಸೂಚನಾಪತ್ರ ಈ ಸೋಮವಾರ ಬರಬೇಕಾಗಿತ್ತು, ಬಂದಿಲ್ಲ. ಬರುವವರೆಗೆ ಅವಳು ಟಿಕೆಟ್ಟು ಕೊಳ್ಳುವುದಿಲ್ಲ, ನನ್ನ ತಂಗಿ ಚಟ್ನಿಪುಡಿಗೆ ಕೊಬ್ಬರಿ ಹುರಿಯುವುದಿಲ್ಲ.