ಬಿಸಿಲು ಎಲ್ಲರದು, ತಾರಸಿ ಯಾರದು?

ಹೊರನಾಡಿನಲ್ಲಿ ದುಡಿಯುವ ನಮ್ಮಂಥ ಅನೇಕರಿಗೆ ಎರಡು ಮನೆಗಳ ಕರೆಂಟ್ ಬಿಲ್ ಗೊತ್ತಿರುತ್ತದೆ. ಒಂದು, ಪುಣೆಯಲ್ಲೋ ಮುಂಬೈಯಲ್ಲೋ ನಾವಿರುವ ಫ್ಲ್ಯಾಟಿನದು. ಇನ್ನೊಂದು, ಊರಲ್ಲಿ ಅಪ್ಪ-ಅವ್ವ ಇರುವ ಮನೆಯದು. ಮೊದಲನೆಯದು ಬೇಸಿಗೆಯಲ್ಲಿ ಎ.ಸಿ. ಹಚ್ಚಿದ ಕೂಡಲೇ ಸಾವಿರಗಳ ಲೆಕ್ಕಕ್ಕೆ ಏರುತ್ತದೆ. ಎರಡನೆಯದರಲ್ಲಿ 2023ರಿಂದ ಈಚೆಗೆ, ಗೃಹಜ್ಯೋತಿಯಿಂದಾಗಿ, ಬಹಳ ಮನೆಗಳಲ್ಲಿ ಸೊನ್ನೆ ಇರುತ್ತದೆ. ಈಗ ಸೋಲಾರ್ ಹಾಕಿಸಬೇಕು ಎಂದುಕೊಳ್ಳಿ. ಬಿಲ್ ಬರುವ ಫ್ಲ್ಯಾಟಿಗೆ ಸ್ವಂತ ತಾರಸಿ ಇಲ್ಲ. ತಾರಸಿ ಇರುವ ಊರ ಮನೆಗೆ ಬಿಲ್ ಇಲ್ಲ. ಮನೆ ಮನೆಗೆ ಸೌರ ವಿದ್ಯುತ್ ಎಂಬ ದೊಡ್ಡ ಭರವಸೆ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಈ ಎರಡು ಬಿಲ್‌ಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ತಿಳಿಯುತ್ತದೆ.

ಭರವಸೆ ಸುಳ್ಳಲ್ಲ ಎಂಬುದನ್ನು ಮೊದಲೇ ಹೇಳಬೇಕು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯ ಗುರಿ 1 ಕೋಟಿ ಮನೆಗಳು, ಅದಕ್ಕೆ ಎತ್ತಿಟ್ಟ ಮೊತ್ತ 75,021 ಕೋಟಿ ರೂಪಾಯಿ. 1 ಕಿಲೋವಾಟ್‌ಗೆ 30 ಸಾವಿರ, 2 ಕಿಲೋವಾಟ್‌ಗೆ 60 ಸಾವಿರ, 3 ಕಿಲೋವಾಟ್ ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78 ಸಾವಿರ ರೂಪಾಯಿ ಸಹಾಯಧನ ನೇರವಾಗಿ ಮನೆಯವರ ಬ್ಯಾಂಕ್ ಖಾತೆಗೆ ಬರುತ್ತದೆ. ಉಳಿದ ಹಣಕ್ಕೆ ಅಡಮಾನವಿಲ್ಲದೆ, ಕಡಿಮೆ ಬಡ್ಡಿಗೆ ಬ್ಯಾಂಕ್ ಸಾಲ ಸಿಗುವ ವ್ಯವಸ್ಥೆಯಿದೆ. 2025ರ ಸೆಪ್ಟೆಂಬರ್‌ನಲ್ಲಿ ಸೌರ ಉಪಕರಣಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಹತ್ತು ವರ್ಷದ ಹಿಂದೆ ಸಿರಿವಂತರ ಹವ್ಯಾಸದಂತೆ ಕಾಣುತ್ತಿದ್ದದ್ದು ಈಗ ಶಾಲಾ ಮಾಸ್ತರರ ಮನೆಗೂ ಎಟುಕುವ ಮಟ್ಟಕ್ಕೆ ಬಂದಿದೆ.

ಅದು ಕೆಲಸ ಮಾಡುವ ಬಗೆಯೂ ಸರಳ. ನೆರಳು ಬೀಳದ ತಾರಸಿಯ ಸುಮಾರು 100 ಚದರ ಅಡಿ ಜಾಗದಲ್ಲಿ 1 ಕಿಲೋವಾಟ್ ಪ್ಯಾನೆಲ್ ಕೂರುತ್ತದೆ. ವರ್ಷದ ಸರಾಸರಿ ಹಿಡಿದರೆ ದಿನಕ್ಕೆ 4 ಯೂನಿಟ್, ತಿಂಗಳಿಗೆ 100ರಿಂದ 120 ಯೂನಿಟ್ ಬರುತ್ತದೆ. ಹಗಲು ಬಳಸಿ ಉಳಿದದ್ದು ಲೈನಿಗೆ ಹೋಗುತ್ತದೆ, ರಾತ್ರಿ ಬೇಕಾದದ್ದು ಲೈನಿನಿಂದ ಬರುತ್ತದೆ. ನೆಟ್ ಮೀಟರ್ ಕೊಟ್ಟದ್ದನ್ನೂ ಪಡೆದದ್ದನ್ನೂ ಕಳೆದು ಲೆಕ್ಕ ಹೇಳುತ್ತದೆ.

ಹಾಗಾದರೆ ಯಾರಿಗೆ ಲಾಭ? ಮೂರು ಮನೆಗಳ ಲೆಕ್ಕ ಹಾಕೋಣ. 3 ಕಿಲೋವಾಟ್ ಸೋಲಾರ್‌ಗೆ ಮಾರುಕಟ್ಟೆಯಲ್ಲಿ 2 ಲಕ್ಷದ ಆಸುಪಾಸು ಹಿಡಿಯಿರಿ. ಸಹಾಯಧನ ಕಳೆದರೆ ಕೈಯಿಂದ ಹೋಗುವುದು 1.22 ಲಕ್ಷ.

ಮೊದಲ ಮನೆ ಪುಣೆಯ ಹೊರವಲಯದ ಸ್ವಂತ ಬಂಗಲೆ. ತಿಂಗಳಿಗೆ 350 ಯೂನಿಟ್ ಬಳಕೆ. ಮಹಾರಾಷ್ಟ್ರದಲ್ಲಿ 100 ಯೂನಿಟ್ ದಾಟಿದ ಮೇಲೆ, ವೀಲಿಂಗ್ ಶುಲ್ಕ ಸೇರಿ, ಯೂನಿಟ್ ಬೆಲೆ 10 ರೂಪಾಯಿ ಮೀರುತ್ತದೆ. 300ರ ಮೇಲೆ ಇನ್ನೂ ಏರುತ್ತದೆ. ಸೋಲಾರ್ ಮೊದಲು ಕತ್ತರಿಸುವುದು ಈ ದುಬಾರಿ ಯೂನಿಟ್‌ಗಳನ್ನೇ. ತಿಂಗಳಿಗೆ ಮೂರು ಸಾವಿರ ಉಳಿದರೂ ಮೂರೂವರೆ ವರ್ಷದೊಳಗೆ ಹಾಕಿದ ಹಣ ವಾಪಸ್.

ಎರಡನೇ ಮನೆ ಹುಬ್ಬಳ್ಳಿಯದು. ಅಲ್ಲಿಯೂ 350 ಯೂನಿಟ್, ಅಂದರೆ ಗೃಹಜ್ಯೋತಿಯ 200 ಯೂನಿಟ್ ಮಿತಿಗಿಂತ ಹೆಚ್ಚು. ಹಾಗಾಗಿ ಪೂರ್ತಿ ಬಿಲ್ ಕಟ್ಟಬೇಕು. ಕರ್ನಾಟಕದಲ್ಲಿ ಗೃಹ ಬಳಕೆಗೆ ಯೂನಿಟ್ ದರ 6 ರೂಪಾಯಿಯ ಆಸುಪಾಸು. ತಿಂಗಳ ಉಳಿತಾಯ ಎರಡು ಸಾವಿರದ ಹತ್ತಿರ ನಿಲ್ಲುತ್ತದೆ, ಹಣ ಮರಳಲು ಐದು ವರ್ಷ ದಾಟುತ್ತದೆ. ಆದರೂ ನಷ್ಟವಲ್ಲ. 1.22 ಲಕ್ಷವನ್ನು ಶೇ 7ರ ಬಡ್ಡಿಗೆ ಹತ್ತು ವರ್ಷದ ಸಾಲ ಮಾಡಿದರೆ ಕಂತು ತಿಂಗಳಿಗೆ ಸುಮಾರು 1,400 ರೂಪಾಯಿ. ಉಳಿತಾಯಕ್ಕಿಂತ ಕಂತು ಕಡಿಮೆ.

ಮೂರನೇ ಮನೆ ಅದೇ ಹುಬ್ಬಳ್ಳಿಯ ಪಕ್ಕದ ಓಣಿಯದು. ವಯಸ್ಸಾದ ದಂಪತಿ, 90 ಯೂನಿಟ್ ಬಳಕೆ, ಬಿಲ್ ಸೊನ್ನೆ. ಇವರಿಗೆ ಸೋಲಾರ್ ಎಷ್ಟು ವರ್ಷಕ್ಕೆ ಹಣ ವಾಪಸ್ ಕೊಡುತ್ತದೆ? ಎಂದಿಗೂ ಇಲ್ಲ.

ಇಷ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಈಗಿನ ವ್ಯವಸ್ಥೆಯಲ್ಲಿ ಸಹಾಯಧನದ ಹೆಚ್ಚಿನ ಲಾಭ ಸಿಗುವುದು ಸ್ವಂತ ತಾರಸಿ ಮತ್ತು ದೊಡ್ಡ ಬಿಲ್ ಎರಡೂ ಇರುವವರಿಗೆ. ಬಾಡಿಗೆದಾರರು, ಫ್ಲ್ಯಾಟಿನವರು, ಕಡಿಮೆ ಕರೆಂಟ್ ಬಳಸುವ ಬಡವರು ಹೊರಗೆ ಉಳಿಯುತ್ತಾರೆ. ಇದು ಕರ್ನಾಟಕದ ಕತೆ ಮಾತ್ರವಲ್ಲ. ದೆಹಲಿಯಲ್ಲಿ 200 ಯೂನಿಟ್‌ವರೆಗೆ ಉಚಿತ, ತೆಲಂಗಾಣದಲ್ಲಿ 2024ರಿಂದ ಅರ್ಹ ಕುಟುಂಬಗಳಿಗೆ 200 ಯೂನಿಟ್, ತಮಿಳುನಾಡಿನಲ್ಲಿ ಎರಡು ತಿಂಗಳಿಗೆ 100 ಯೂನಿಟ್. ಒಂದು ಸರ್ಕಾರ ಸೋಲಾರ್ ಹಾಕಿಸಿ ಎಂದು ಹಣ ಕೊಡುತ್ತದೆ, ಇನ್ನೊಂದು ಸರ್ಕಾರ ಹಾಕಿಸುವ ಅಗತ್ಯವೇ ಬಾರದಂತೆ ಹಣ ಕೊಡುತ್ತದೆ. ಎರಡೂ ನಮ್ಮ ತೆರಿಗೆಯ ದುಡ್ಡೇ.

ಕರ್ನಾಟಕಕ್ಕೆ ಸೌರಶಕ್ತಿ ಹೊಸದೇನಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಬೆಂಗಳೂರು, ಮೈಸೂರಿನ ಮನೆಗಳ ಮೇಲೆ ಬಿಸಿನೀರಿನ ಸೋಲಾರ್ ಕಾಣದ ಬೀದಿಯೇ ಅಪರೂಪ. ಆದರೆ ತಾರಸಿ ವಿದ್ಯುತ್ತಿನ ವಿಷಯಕ್ಕೆ ಬಂದರೆ ಗುಜರಾತ್, ಮಹಾರಾಷ್ಟ್ರಗಳು ಬಹಳ ಮುಂದಿವೆ, ನಾವು ಹಿಂದಿದ್ದೇವೆ. ನಮ್ಮವರಿಗೆ ಆಸಕ್ತಿ ಇಲ್ಲವೆಂದಲ್ಲ, ಮೇಲಿನ ಲೆಕ್ಕವೇ ಅವರನ್ನು ತಡೆದಿದೆ.

ಹಾಗೆಂದು ಗೃಹಜ್ಯೋತಿಯನ್ನು ನಿಲ್ಲಿಸಿ ಎನ್ನುವುದು ಅನ್ಯಾಯ. ತಿಂಗಳಿಗೆ ಐನೂರು ಆರುನೂರು ರೂಪಾಯಿ ಉಳಿಯುವುದು ಎಷ್ಟೋ ಮನೆಗಳಲ್ಲಿ ಔಷಧಿಯ ಖರ್ಚು. ಆದರೆ ಅದೇ ಹಣವನ್ನು ಬೇರೆ ರೀತಿಯಲ್ಲಿ ಕೊಡಬಹುದೇ ಎಂದು ಕೇಳಬೇಕು. ತಿಂಗಳಿಗೆ 100 ಯೂನಿಟ್ ಬಳಸುವ ಒಂದು ಮನೆಗಾಗಿ, ಯೂನಿಟ್‌ಗೆ 6 ರೂಪಾಯಿಯಂತೆ, ರಾಜ್ಯ ವರ್ಷಕ್ಕೆ ಸುಮಾರು 7,200 ರೂಪಾಯಿ ಭರಿಸುತ್ತದೆ. ಅದೇ ಮನೆಯ ಮೇಲೆ 1 ಕಿಲೋವಾಟ್ ಪ್ಯಾನೆಲ್ ಕೂರಿಸಿದರೆ ಕೇಂದ್ರದ 30 ಸಾವಿರ ಕಳೆದು ಉಳಿಯುವ ವೆಚ್ಚ 35ರಿಂದ 40 ಸಾವಿರ. ರಾಜ್ಯವೇ ಅದನ್ನು ಭರಿಸಿದರೂ ಐದಾರು ವರ್ಷದಲ್ಲಿ ಸರಿಹೋಗುತ್ತದೆ, ಪ್ಯಾನೆಲ್ ಬಾಳುವುದು 25 ವರ್ಷ. ರಾತ್ರಿಯ ಕರೆಂಟು, ಲೈನಿನ ನಿರ್ವಹಣೆಗೆ ಖರ್ಚು ಇದ್ದೇ ಇರುತ್ತದೆ, ಹಾಗಾಗಿ ಲೆಕ್ಕ ಇಷ್ಟು ಚೊಕ್ಕವಾಗಿ ಕೂರುವುದಿಲ್ಲ. ಆದರೂ ದಿಕ್ಕು ಸರಿಯಾಗಿದೆ. ಮಹಾರಾಷ್ಟ್ರ 2025ರಲ್ಲಿ ಬಡತನ ರೇಖೆಗಿಂತ ಕೆಳಗಿನ ಮತ್ತು 100 ಯೂನಿಟ್‌ಗಿಂತ ಕಡಿಮೆ ಬಳಸುವ ಮನೆಗಳಿಗೆ ಕೇಂದ್ರದ ಸಹಾಯಧನದ ಮೇಲೆ ತನ್ನದನ್ನೂ ಸೇರಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಮ್ಮ ರಾಜ್ಯಕ್ಕೂ ಇದು ಆಗದ ಕೆಲಸವಲ್ಲ.

ಇನ್ನು ಫ್ಲ್ಯಾಟಿನವರ ವಿಷಯ. ಹನ್ನೆರಡು ಮಹಡಿಯ ಕಟ್ಟಡದಲ್ಲಿ ಎಂಬತ್ತು ಮನೆಗಳಿದ್ದರೆ ಇರುವ ತಾರಸಿ ಒಂದೇ. ಅದರಲ್ಲೂ ನೀರಿನ ಟ್ಯಾಂಕ್, ಲಿಫ್ಟ್ ಕೋಣೆ, ಡಿಶ್ ಆಂಟೆನಾ. ಎಲ್ಲರ ಬಿಲ್ ಸೊನ್ನೆ ಮಾಡುವಷ್ಟು ಜಾಗ ಅಲ್ಲಿಲ್ಲ. ಆದರೆ ಲಿಫ್ಟ್, ಪಂಪ್, ಮೆಟ್ಟಿಲು ದೀಪ ನಡೆಸಲು ಸಾಕು. ಸೊಸೈಟಿಗಳ ಸಾಮಾನ್ಯ ಬಳಕೆಗೆ ಇದೇ ಯೋಜನೆಯಲ್ಲಿ ಕಿಲೋವಾಟ್‌ಗೆ 18 ಸಾವಿರ ರೂಪಾಯಿ ಸಹಾಯಧನವಿದೆ. ಜನರಲ್ ಬಾಡಿ ಮೀಟಿಂಗ್‌ನಲ್ಲಿ ಪಾರ್ಕಿಂಗ್ ಜಗಳದ ನಡುವೆ ಈ ವಿಷಯವನ್ನು ಅಜೆಂಡಾಕ್ಕೆ ಸೇರಿಸುವವರು ಬೇಕು. ಇಂಗ್ಲಿಷ್, ಮರಾಠಿ ಎರಡೂ ಬಲ್ಲ, ಸ್ಪ್ರೆಡ್‌ಶೀಟ್ ಮಾಡಲು ಬರುವ ನಮ್ಮ ಹುಡುಗ-ಹುಡುಗಿಯರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು.

ಇದಕ್ಕಿಂತ ದೊಡ್ಡ ದಾರಿ ವರ್ಚುವಲ್ ನೆಟ್ ಮೀಟರಿಂಗ್. ಹೆಸರು ಭಾರಿಯಾಗಿದೆ, ಅರ್ಥ ಸರಳ. ಪ್ಯಾನೆಲ್ ಒಂದೆಡೆ ಇರುತ್ತದೆ. ಅದರಲ್ಲಿ ಪಾಲು ಕೊಂಡವರ ಮನೆ ಬೇರೆ ಬೇರೆ ಕಡೆ ಇರುತ್ತದೆ. ಹುಟ್ಟಿದ ಯೂನಿಟ್‌ಗಳನ್ನು ಪಾಲಿನ ಪ್ರಕಾರ ಅವರವರ ಬಿಲ್‌ನಲ್ಲಿ ಕಳೆಯುತ್ತಾರೆ. ಊರ ಹೊರಗಿನ ಒಂದು ಗೋದಾಮಿನ ಮಾಡು ನೂರು ಬಾಡಿಗೆ ಮನೆಗಳ ತಾರಸಿಯಾಗಬಲ್ಲದು. ದೆಹಲಿಯಲ್ಲಿ ಇದಕ್ಕೆ 2019ರಲ್ಲೇ ಮಾರ್ಗಸೂಚಿ ಬಂತು. ಕರ್ನಾಟಕದ ವಿದ್ಯುತ್ ನಿಯಂತ್ರಣ ಆಯೋಗವೂ 2025ರಲ್ಲಿ ಅನುಮತಿ ಕೊಟ್ಟಿದೆ. ಕಾಗದದ ಮೇಲಿನ ಅನುಮತಿ ಸಾಮಾನ್ಯ ಗ್ರಾಹಕನ ಕೈಗೆ ಸಿಗುವ ಅರ್ಜಿ ನಮೂನೆಯಾಗುವುದು ಯಾವಾಗ ಎಂಬುದೇ ಈಗಿನ ಪ್ರಶ್ನೆ.

ವಿದ್ಯುತ್ ಕಂಪನಿಗಳ ಕಡೆಯ ಮಾತನ್ನೂ ಕೇಳಬೇಕು. ಹೆಚ್ಚು ಬಿಲ್ ಕಟ್ಟುವವರೇ ಸೋಲಾರ್‌ಗೆ ಹೋದರೆ ಆದಾಯ ಕುಗ್ಗುತ್ತದೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಲೈನ್‌ಮನ್ ಸಂಬಳ ಕುಗ್ಗುವುದಿಲ್ಲ. ಸೋಲಾರ್ ಮನೆಯವರು ರಾತ್ರಿಯಿಡೀ ಅದೇ ಲೈನನ್ನು ಬಳಸುತ್ತಾರೆ. ಈ ಖರ್ಚು ಕೊನೆಗೆ ಬೀಳುವುದು ಯಾರ ಮೇಲೆ? ಸೋಲಾರ್ ಹಾಕಿಸಲಾಗದವರ ಮೇಲೆ. ಕಂಪನಿಗಳ ಈ ಆತಂಕದಲ್ಲಿ ಹುರುಳಿದೆ. ಅದಕ್ಕೆ ಉತ್ತರ ನೆಟ್ ಮೀಟರ್ ಅರ್ಜಿಯನ್ನು ತಿಂಗಳುಗಟ್ಟಲೆ ಕೂರಿಸುವುದಲ್ಲ. ತಾರಸಿ ಇಲ್ಲದವರಿಗೂ ಪಾಲು ಕೊಟ್ಟರೆ ಹೊರೆಯೂ ಲಾಭವೂ ಒಂದೇ ಕಡೆ ಸೇರುವುದಿಲ್ಲ.

ಕೈಗೆಟುಕುವುದು ಎಂದರೇನು ಎಂಬುದನ್ನು ಕನ್ನಡ ನಾಡು ಮೊದಲೇ ಕಲಿತಿದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಆರಂಭಿಸಿದಾಗ ಬೀದಿ ವ್ಯಾಪಾರಿಯ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿತ್ತು. 1995ರಲ್ಲಿ ಹರೀಶ್ ಹಂದೆಯವರು ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ ಅದೇ ಜಾಣ್ಮೆಯನ್ನು ಸೌರ ದೀಪಕ್ಕೆ ತಂದಿತು. ಗ್ರಾಮೀಣ ಬ್ಯಾಂಕುಗಳ ಸಾಲ ಕೊಡಿಸಿ, ಗಳಿಕೆ ಹೇಗೆ ಬರುತ್ತದೋ ಹಾಗೆ ಕಂತು ಕಟ್ಟುವಂತೆ ಮಾಡಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. ಬೆಲೆ ಇಳಿದರೆ ಮಾತ್ರ ಸಾಲದು, ಕಂತು ಮನೆಯ ಗಳಿಕೆಗೆ ಹೊಂದಬೇಕು ಎಂಬ ಅವರ ಪಾಠ ಇಂದಿನ ಯೋಜನೆಗಳಿಗೂ ಅನ್ವಯಿಸುತ್ತದೆ. ಸಹಾಯಧನ ಬರುವುದು ಕೆಲಸ ಮುಗಿದು, ತಪಾಸಣೆಯಾದ ಮೇಲೆ. ಅಲ್ಲಿಯವರೆಗೆ ಪೂರ್ತಿ ಹಣ ಹೊಂದಿಸಲಾಗದವರಿಗೆ ಬ್ಯಾಂಕ್ ಸಾಲ ತಡವಿಲ್ಲದೆ ಸಿಗಬೇಕು.

ಊರ ಮನೆಗೆ ಸೋಲಾರ್ ಹಾಕಿಸುವ ಆಲೋಚನೆ ಇರುವವರಿಗೆ ನಾಲ್ಕು ಮಾತು. ಹಿಂದಿನ ಹನ್ನೆರಡು ತಿಂಗಳ ಯೂನಿಟ್ ಬಳಕೆ ತೆಗೆದು ನೋಡಿ. ಅದು ಸದಾ 200ರೊಳಗೆ ಇದ್ದರೆ ಸದ್ಯಕ್ಕೆ ಬೇಡ. ಆರ್‌.ಆರ್‌. ನಂಬರ್ ಯಾರ ಹೆಸರಿನಲ್ಲಿದೆ ಎಂದು ನೋಡಿ. ಎಷ್ಟೋ ಮನೆಗಳಲ್ಲಿ ಮೀಟರ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಹೆಸರು ಬದಲಾಗದೆ ಸಹಾಯಧನ ಮುಂದೆ ಸಾಗದು. ಸಹಾಯಧನಕ್ಕೆ ದೇಶೀಯ ಸೆಲ್‌ಗಳಿಂದ ದೇಶದಲ್ಲೇ ತಯಾರಾದ ಪ್ಯಾನೆಲ್ ಕಡ್ಡಾಯ, ಅದನ್ನು ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಕೊನೆಯದು, ಬ್ಯಾಟರಿ ಇಲ್ಲದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್ ದುರಸ್ತಿ ಮಾಡುವ ಸಿಬ್ಬಂದಿಯ ಜೀವ ಕಾಯಲು ಇರುವ ವ್ಯವಸ್ಥೆ ಅದು. ಕರೆಂಟ್ ಹೋದರೂ ಫ್ಯಾನ್ ತಿರುಗುತ್ತದೆ ಎಂದು ಅಪ್ಪ-ಅವ್ವನಿಗೆ ಹೇಳಬೇಡಿ. ಪ್ಯಾನೆಲ್ ಮೇಲಿನ ಧೂಳು ತೊಳೆಯಲು ಎಪ್ಪತ್ತು ದಾಟಿದವರು ಏಣಿ ಹತ್ತಬಾರದು, ಅದಕ್ಕೊಬ್ಬರನ್ನು ಗೊತ್ತುಮಾಡಿ.

ಸರ್ಕಾರಗಳನ್ನು ಕೇಳಬೇಕಾದದ್ದು ಎರಡೇ. ಉಚಿತ ವಿದ್ಯುತ್ತಿನ ಹಣದ ಒಂದು ಭಾಗವಾದರೂ ಬಡವರ ಮಾಳಿಗೆಯ ಮೇಲೆ ಪ್ಯಾನೆಲ್ ಆಗಿ ಕೂರಲಿ. ತಾರಸಿ ಇಲ್ಲದವರು ಬೇರೆಡೆಯ ಪ್ಯಾನೆಲ್‌ನಲ್ಲಿ ಪಾಲು ಕೊಳ್ಳುವ ಅರ್ಜಿ, ಗ್ಯಾಸ್ ಸಿಲಿಂಡರ್ ಬುಕ್ ಮಾಡಿದಷ್ಟೇ ಸುಲಭವಾಗಲಿ. ಇವೆರಡೂ ಆಗದಿದ್ದರೆ ಸಾರ್ವಜನಿಕ ಹಣದಿಂದ ಮೊದಲೇ ಉಳ್ಳವರ ಬಿಲ್ ಇಳಿಸಿ, ಉಳಿದವರಿಗೆ ಬಿಸಿಲನ್ನಷ್ಟೇ ಬಿಟ್ಟಂತಾಗುತ್ತದೆ.